ಸೋತ ಪ್ರಯೋಗದ ಋಣ

ಫಲ ಸಿಗುವುದೋ ಇಲ್ಲವೋ ಎಂಬುದು ಮೊದಲೇ ತಿಳಿಯದ ಕೆಲಸಕ್ಕೆ ಸರ್ಕಾರ ತನ್ನ ಬೊಕ್ಕಸದಿಂದ ಹಣ ಕೊಡುವಾಗ, ಆ ಹಣ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲೆಕ್ಕಪತ್ರದ್ದಾಗಿ ಕಂಡರೂ ಬುಡದಲ್ಲಿ ಅದು ಧರ್ಮವಿಚಾರದ ಪ್ರಶ್ನೆಯೇ ಆಗಿದೆ. ಸಾಲವಾದರೆ ಬಡ್ಡಿಸಮೇತ ತೀರಿಸಬೇಕು. ದಾನವಾದರೆ ಕೊಟ್ಟವನು ಮರೆತುಬಿಡಬೇಕು. ಕೂಲಿಯಾದರೆ ಹೇಳಿದ ಕೆಲಸವನ್ನು ಮುಗಿಸಿ ಒಪ್ಪಿಸಬೇಕು. ಸಣ್ಣ ಉದ್ಯಮಗಳ ಸಂಶೋಧನೆಗೂ ತಂತ್ರಜ್ಞಾನದ ಅಭಿವೃದ್ಧಿಗೂ ಕೊಡುವ ಅನುದಾನ ಈ ಮೂರರ ಲಕ್ಷಣವನ್ನೂ ಅಷ್ಟಿಷ್ಟು ಹೊತ್ತುಕೊಂಡಿದ್ದರೂ ಮೂರರಲ್ಲಿ ಯಾವುದೂ ಅಲ್ಲ: ಅದನ್ನು ಮರಳಿಸಬೇಕಾಗಿಲ್ಲ, ಆದರೆ ಕೊಟ್ಟವರು ಮರೆಯುವುದಿಲ್ಲ, ಕೆಲಸ ಮಾಡಲೇಬೇಕು, ಆದರೆ ಅದು ಫಲಿಸಲೇಬೇಕೆಂಬ ಷರತ್ತು ಇರಲಾರದು, ಏಕೆಂದರೆ ಫಲ ಖಚಿತವಾಗಿದ್ದರೆ ಅದನ್ನು ಸಂಶೋಧನೆ ಎಂದು ಕರೆಯಬೇಕಾಗಿಯೇ ಇರಲಿಲ್ಲ. ಹಾಗಾದರೆ ಪ್ರಯೋಗ ಸೋತಾಗ, ಪಡೆದವನ ಮೇಲೆ ಉಳಿಯುವ ಋಣ ಯಾವುದು ಮತ್ತು ಅದು ಯಾರಿಗೆ ಸಲ್ಲಬೇಕಾದದ್ದು?

ಈ ಬಗೆಯ ಕೊಡುಗೆಯ ಇತಿಹಾಸ ದೀರ್ಘವಾದದ್ದಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ 1977ರಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿದ ಪ್ರಯತ್ನವನ್ನು 1982ರಲ್ಲಿ ಆ ದೇಶದ ಶಾಸನಸಭೆ ಕಾಯ್ದೆಯಾಗಿಸಿತು. ದೊಡ್ಡ ಸಂಶೋಧನಾ ಬಜೆಟ್ ಇರುವ ಪ್ರತಿಯೊಂದು ಇಲಾಖೆಯೂ ಹೊರಗಿನವರಿಂದ ಮಾಡಿಸುವ ಸಂಶೋಧನೆಯ ಹಣದಲ್ಲಿ ಒಂದು ಪಾಲನ್ನು, ಈಚಿನ ವರ್ಷಗಳಲ್ಲಿ ನೂರಕ್ಕೆ 3.2ರಷ್ಟನ್ನು, ಸಣ್ಣ ಉದ್ಯಮಗಳಿಗೆಂದೇ ತೆಗೆದಿಡಬೇಕು ಎಂಬುದು ಅದರ ತಿರುಳು. ಭಾರತದಲ್ಲಿ 1996ರಲ್ಲಿ ರೂಪುಗೊಂಡ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಮುಖ್ಯವಾಗಿ ಕಡಿಮೆ ಬಡ್ಡಿಯ ಸಾಲದ ದಾರಿಯನ್ನು ಹಿಡಿಯಿತು. 2005ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸಣ್ಣ ಉದ್ಯಮಗಳ ಆರಂಭಿಕ ಸಂಶೋಧನೆಗೆ ಪ್ರತ್ಯೇಕ ಯೋಜನೆಯನ್ನು ತಂದಿತು, 2012ರಲ್ಲಿ ಹುಟ್ಟಿದ ಬಿರಾಕ್ ಸಂಸ್ಥೆ ಹೊಸ ಕಲ್ಪನೆಯೊಂದನ್ನು ಪರೀಕ್ಷಿಸಿ ನೋಡಲು 50 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡತೊಡಗಿತು, 2021ರ ಸ್ಟಾರ್ಟ್‌ಅಪ್ ಇಂಡಿಯಾ ಬೀಜನಿಧಿ ಯೋಜನೆ 945 ಕೋಟಿ ರೂಪಾಯಿಯ ಗಾತ್ರದಲ್ಲಿ ಬಂದು, ಕಲ್ಪನೆ ನಿಲ್ಲುತ್ತದೆಯೇ ಎಂದು ತೋರಿಸುವ ಹಂತಕ್ಕೆ 20 ಲಕ್ಷದವರೆಗಿನ ಅನುದಾನವನ್ನು ಕಂತುಕಂತಾಗಿ ಕೊಡುವ ಪದ್ಧತಿಯನ್ನು ತಂದಿತು. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ 50 ಲಕ್ಷದವರೆಗೆ ಕೊಡುತ್ತಿದೆ, ಕಲ್ಯಾಣ ಕರ್ನಾಟಕಕ್ಕೆಂದೇ ಅದರ ಪ್ರತ್ಯೇಕ ಸುತ್ತುಗಳೂ ನಡೆದಿವೆ.

ಸಾರ್ವಜನಿಕರ ಹಣವನ್ನು ಖಾಸಗಿ ಉದ್ಯಮಿಯೊಬ್ಬನ ಅನಿಶ್ಚಿತ ಪ್ರಯತ್ನಕ್ಕೆ ಕೊಡಲು ಅರ್ಥಶಾಸ್ತ್ರಜ್ಞರು ಕೊಡುವ ಸಮರ್ಥನೆ ಕೆನೆತ್ ಆರೋ 1962ರಲ್ಲಿ ಬರೆದ ಪ್ರಬಂಧದಿಂದ ಗಟ್ಟಿಯಾಯಿತು. ಹೊಸದಾಗಿ ಕಂಡುಕೊಂಡ ತಿಳಿವು ಕಂಡುಕೊಂಡವನ ಕೈಯಲ್ಲೇ ನಿಲ್ಲುವುದಿಲ್ಲ, ಪಕ್ಕದವರಿಗೆ ಹರಿದುಹೋಗುತ್ತದೆ. ಖರ್ಚು ಒಬ್ಬನದು, ಲಾಭ ಹಲವರದು. ಹೀಗಾಗಿ ತನ್ನ ಲಾಭವನ್ನಷ್ಟೇ ಎಣಿಸುವವನು ಸಮಾಜಕ್ಕೆ ಬೇಕಾದಷ್ಟು ಸಂಶೋಧನೆಗೆ ಎಂದೂ ಕೈಹಾಕುವುದಿಲ್ಲ, ಆ ಕೊರತೆಯನ್ನು ಸರ್ಕಾರ ತುಂಬಬೇಕು ಎಂಬುದು ಆ ವಾದದ ಸಾರ. ಇಲ್ಲಿ ಸಾಮಾನ್ಯವಾಗಿ ಯಾರೂ ನಿಂತು ಗಮನಿಸದ ಒಂದು ಸಂಗತಿಯಿದೆ. ತಿಳಿವು ಪಕ್ಕದವರಿಗೆ ಹರಿಯುತ್ತದೆ ಎಂಬುದೇ ಹಣ ಕೊಡಲು ಕಾರಣವಾದರೆ, ಹರಿಯದೆ ಹೋದ ತಿಳಿವಿಗೆ ಕೊಟ್ಟ ಹಣಕ್ಕೆ ಆ ಕಾರಣ ಉಳಿಯುವುದಿಲ್ಲ. ಗೆದ್ದ ಪ್ರಯೋಗ ಮಾರುಕಟ್ಟೆಗೆ ಬರುವುದರಿಂದ ಹೇಗೋ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಸೋತದ್ದು ಮಾತ್ರ ಕಪಾಟಿನ ಕಡತದಲ್ಲಿ ಉಳಿಯುತ್ತದೆ.

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಖಟಕ ಚಿಂಚೋಳಿಯಂತಹ ಊರನ್ನು ಕಣ್ಣಮುಂದಿಟ್ಟುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ತೊಗರಿ, ಉದ್ದು, ಹೆಸರು, ಕಡಲೆ, ಸೋಯಾಗಳನ್ನು ಬೆಳೆಯುವ ಈ ಸೀಮೆಯಲ್ಲಿ ಸಂಶೋಧನೆ ಎಂಬುದು ಮೊದಲಿಗೆ ಎದುರಾಗುವುದು ಬೇಳೆ ಗಿರಣಿಯಲ್ಲಿ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂತಹ ಪದರವೊಂದಿದ್ದು ಅದು ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾಳಿನ ಮೈಯನ್ನು ಗೀರಿ, ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಬಿಸಿಲಿಗೆ ಹರಡಿ ಆ ಪದರವನ್ನು ಸಡಿಲಿಸಿದ ಮೇಲಷ್ಟೇ ಅದು ಸರಿಯಾಗಿ ಒಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ನೂರು ಕಿಲೋ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ದೊರೆತು ಉಳಿದದ್ದು ನುಚ್ಚು, ಹಿಟ್ಟು, ಹೊಟ್ಟಾಗಿ ಹೋಗುತ್ತದೆ. ಸುಧಾರಿತ ಯಂತ್ರಗಳಲ್ಲಿ ಅದು 80ನ್ನು ದಾಟುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಈ ಕುರಿತು ದಶಕಗಳಿಂದ ದುಡಿದು ಕಿರು ಗಿರಣಿಗಳನ್ನೂ ರೂಪಿಸಿದೆ. ಆದರೂ ತನ್ನ ಊರಿನ ತಳಿ, ತನ್ನ ಊರಿನ ಬಿಸಿಲು, ತನಗೆ ಸಿಗುವ ವಿದ್ಯುತ್ತಿಗೆ ಹೊಂದುವ ವಿಧಾನವನ್ನು ಗಿರಣಿಯವನು ತಾನೇ ಪರೀಕ್ಷಿಸಿ ಕಂಡುಕೊಳ್ಳಬೇಕಾಗುತ್ತದೆ. ಅಂಥವನೊಬ್ಬ ಅನುದಾನ ಪಡೆದು, ಬಿಸಿಲಿನ ಬದಲು ಬೇರೊಂದು ಬಗೆಯಿಂದ ಕಾಳನ್ನು ಒಣಗಿಸಲು ಎರಡು ಹಂಗಾಮು ಹೆಣಗಿ ಸೋತನೆಂದು ಭಾವಿಸಿದರೆ, ಆ ಸೋಲಿನ ವಿವರ ಪಕ್ಕದ ಔರಾದಿನ ಗಿರಣಿಯವನಿಗೆ ಎರಡು ಹಂಗಾಮುಗಳ ಉಳಿತಾಯ. ಅದು ಅವನಿಗೆ ತಿಳಿಯದಿದ್ದರೆ ಅವನೂ ಅದೇ ಗೋಡೆಗೆ ಹೋಗಿ ಹಾಯುತ್ತಾನೆ, ಬಹುಶಃ ಇನ್ನೊಂದು ಅನುದಾನ ಪಡೆದು.

ಸೋತವನ ಮೇಲೆ ಉಳಿಯುವ ಋಣ ಯಾವುದೆಂಬ ಪ್ರಶ್ನೆಗೆ ಬೇಕಾದ ವಿಚಾರಸಾಮಗ್ರಿ ಇದೇ ಜಿಲ್ಲೆಯ ನೆಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಹಳೆಯ ಕಲ್ಯಾಣದಲ್ಲಿ, ಎರಡು ಬಾರಿ, ಎರಡು ತೀರ ಭಿನ್ನವಾದ ದಿಕ್ಕುಗಳಿಂದ ರೂಪುಗೊಂಡಿತು ಎಂಬುದು ಗಮನಾರ್ಹ. ಮೊದಲನೆಯದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ. ಮಿತಾಕ್ಷರಾ ಎಂದರೆ ಪಿತ್ರಾರ್ಜಿತ ಆಸ್ತಿಯ ಪಾಲುಪಟ್ಟಿ ಎಂದೇ ವಕೀಲರಿಗೂ ಓದುಗರಿಗೂ ನೆನಪಾಗುವುದು ಬ್ರಿಟಿಷ್ ನ್ಯಾಯಾಲಯಗಳು ಆ ಭಾಗವನ್ನಷ್ಟೇ ಬಳಸಿದ್ದರ ಪರಿಣಾಮ; ಸಾಲ, ಅಡವು, ಠೇವಣಿ, ಪಾಲುದಾರಿಕೆಗಳ ಕುರಿತ ಅದರ ವಿಚಾರ ಅಷ್ಟೇ ಆಳವಾದದ್ದು. ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು ಬಡ್ಡಿ ಎನ್ನುವ ಸ್ಮೃತಿ, ಕಾಡುದಾರಿಯಲ್ಲಿ ಹೋಗುವ ವರ್ತಕರು ನೂರಕ್ಕೆ 10ನ್ನೂ ಸಮುದ್ರಕ್ಕೆ ಇಳಿಯುವವರು 20ನ್ನೂ ಕೊಡಬೇಕು ಎನ್ನುತ್ತದೆ, ವಿಜ್ಞಾನೇಶ್ವರ ಅದಕ್ಕೆ ಕಾರಣವನ್ನು ಆ ದಾರಿಗಳಲ್ಲಿ ಪ್ರಾಣಕ್ಕೂ ಧನಕ್ಕೂ ಇರುವ ನಾಶದ ಶಂಕೆಯಲ್ಲಿ ಕಾಣುತ್ತಾನೆ. ಅಪಾಯವೂ ಬೆಲೆ ಕಟ್ಟಬಹುದಾದ ವಸ್ತು ಎಂಬ ತಿಳಿವಳಿಕೆ ಇದು. ಠೇವಣಿಯ ಪ್ರಕರಣದಲ್ಲಿ ಮತ್ತೊಂದು ಸೂಕ್ಷ್ಮವಿದೆ: ನಂಬಿ ಇಟ್ಟ ವಸ್ತು ಅರಸನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಹೋದರೆ, ಇಟ್ಟುಕೊಂಡವನ ತಪ್ಪಿಲ್ಲದಿರುವಾಗ, ಅವನಿಂದ ವಸೂಲು ಮಾಡುವಂತಿಲ್ಲ. ಸುರೆ, ಜೂಜುಗಳಿಗಾಗಿ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿಲ್ಲ ಎಂಬುದು ಮೂರನೆಯ ನಿಯಮ.

ಸೋತ ಪ್ರಯೋಗವನ್ನು ಈ ಮೂರು ಪೆಟ್ಟಿಗೆಗಳಲ್ಲಿ ಯಾವುದರಲ್ಲಿ ಇಡಬೇಕು? ಸಮುದ್ರಯಾನದ ಸಾಲದಂತೆ ಅದಕ್ಕೆ ಹೆಚ್ಚಿನ ಬಡ್ಡಿ ಹಾಕಬಹುದೆಂದರೆ, ಇಂದಿನ ಸಾಹಸಬಂಡವಾಳ ಮಾಡುವುದು ಸರಿಸುಮಾರು ಅದನ್ನೇ, ಮತ್ತು ಅದು ದೊಡ್ಡ ಲಾಭದ ನಿರೀಕ್ಷೆ ಇರುವ ಕಡೆಗೆ ಮಾತ್ರ ಹರಿಯುತ್ತದೆ. ನುಚ್ಚನ್ನು ನೂರಕ್ಕೆ ಐದರಷ್ಟು ತಗ್ಗಿಸುವ ಗಿರಣಿಯ ಕಡೆಗೆ ಅದು ತಲೆಹಾಕಿಯೂ ಮಲಗುವುದಿಲ್ಲ. ಅನುದಾನವನ್ನು ವಿರೋಧಿಸುವವರು ಅದನ್ನು ಜನರ ದುಡ್ಡಿನಲ್ಲಿ ಆಡುವ ಜೂಜು ಎನ್ನುತ್ತಾರೆ. ಜೂಜಿನಲ್ಲಿ ಸೋತವನ ಬಳಿ ಸೋಲಿನ ಹೊರತು ಏನೂ ಉಳಿಯದು, ಮುಂದಿನ ಎಸೆತದ ಕುರಿತು ಹಿಂದಿನ ಎಸೆತ ಏನನ್ನೂ ಕಲಿಸದು. ಪ್ರಯೋಗದಲ್ಲಿ ಸೋತವನ ಬಳಿ, ಅವನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರೆ, ಹಿಂದೆ ಇರದಿದ್ದ ಒಂದು ತಿಳಿವು ಇರುತ್ತದೆ. ಇದೇ ಕಾರಣಕ್ಕೆ ಅದನ್ನು ದೈವದಿಂದಾದ ನಷ್ಟವೆಂದು ಕೈತೊಳೆದುಕೊಳ್ಳುವುದೂ ಸರಿಯಾಗದು, ಏಕೆಂದರೆ ಬೆಂಕಿಗೆ ಬಿದ್ದ ಠೇವಣಿ ಪೂರ್ತಿಯಾಗಿ ಹೋಗುತ್ತದೆ, ಸೋತ ಪ್ರಯೋಗಕ್ಕೆ ಬಿದ್ದ ಹಣ ಪೂರ್ತಿಯಾಗಿ ಹೋಗುವುದಿಲ್ಲ. ರೂಪ ಬದಲಿಸಿ ಉಳಿದದ್ದನ್ನು ಮರಳಿ ಒಪ್ಪಿಸುವ ಹೊಣೆ ಠೇವಣಿ ಇಟ್ಟುಕೊಂಡವನ ಹೊಣೆಯೇ.

ಎರಡನೆಯ ವಿಚಾರ ಅದೇ ಕಲ್ಯಾಣದಲ್ಲಿ ಸುಮಾರು ಅರ್ಧ ಶತಮಾನದ ಅನಂತರ, ಕಲಚುರಿ ಬಿಜ್ಜಳನ ಕಾಲದಲ್ಲಿ, ಶರಣರಿಂದ ಬಂದಿತು. ಕಾಯಕ, ಅಂದರೆ ತನ್ನ ಮೈಮುರಿದು ಮಾಡುವ, ಪೂಜೆಗೆ ಸಮನಾದ ದುಡಿಮೆ. ದಾಸೋಹ, ಅಂದರೆ ಆ ದುಡಿಮೆಯ ಗಳಿಕೆಯನ್ನು ತಾನು ಕೊಡುವವನೆಂಬ ಅಹಂಕಾರವಿಲ್ಲದೆ ಸಮುದಾಯಕ್ಕೆ ಒಪ್ಪಿಸುವುದು: ಈ ಎರಡರ ಜೋಡಿಯಲ್ಲಿ ದಾನ ಎಂಬ ಕಲ್ಪನೆಯೇ ಕರಗಿಹೋಗುತ್ತದೆ, ಏಕೆಂದರೆ ದಾನದಲ್ಲಿ ಮೇಲಿನ ಕೈ ಮತ್ತು ಕೆಳಗಿನ ಕೈ ಇರುತ್ತವೆ, ದಾಸೋಹದಲ್ಲಿ ಹಾಗಿರಕೂಡದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಕೊಡುಗೆಯ ಕುರಿತು ಬರೆಯುತ್ತ, ಮರಳಿ ಕೊಡಲಾಗದ ಕೊಡುಗೆ ಪಡೆದವನನ್ನು ಕುಗ್ಗಿಸುತ್ತದೆ ಎಂದು ತೋರಿಸಿದ್ದನ್ನು ನೆನೆದರೆ, ಶರಣರು ಆ ಕುಗ್ಗುವಿಕೆಯನ್ನು ಬಹಳ ಹಿಂದೆಯೇ ಗುರುತಿಸಿ ಅದಕ್ಕೆ ಪರಿಹಾರವನ್ನೂ ಹುಡುಕಿದ್ದರೆನ್ನಬೇಕು.

ಆದರೆ ಕಾಯಕತತ್ವವನ್ನು ಅನುದಾನಕ್ಕೆ ಹಾಗೆಯೇ ಎತ್ತಿ ಅಂಟಿಸುವುದು ಸುಲಭವಲ್ಲ; ವೇದಿಕೆಗಳ ಮೇಲೆ ಅದನ್ನು ಎಷ್ಟು ಸಲೀಸಾಗಿ ಮಾಡಲಾಗುತ್ತದೆಯೋ ಅಷ್ಟು ಸಲೀಸಾದ ಕೆಲಸ ಅದಲ್ಲ. ಶರಣರ ಕ್ರಮದಲ್ಲಿ ದುಡಿಮೆ ಮೊದಲು, ಗಳಿಕೆ ಅನಂತರ, ದಾಸೋಹ ಕೊನೆಗೆ. ಅನುದಾನದಲ್ಲಿ ಹಣ ಮೊದಲು, ದುಡಿಮೆ ಅನಂತರ, ಸಮುದಾಯಕ್ಕೆ ಸಲ್ಲುವುದು ಏನಾದರೂ ಇದ್ದರೆ ಕೊನೆಗೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದ ಪ್ರಸಂಗ ಶರಣಪರಂಪರೆಯಲ್ಲಿ ಪ್ರಸಿದ್ಧ. ಅಂದಿನ ಅಗತ್ಯವನ್ನು ಮೀರಿದ್ದು ತನ್ನದಲ್ಲ ಎಂಬ ಈ ನಿಷ್ಠುರ ನಿಲುವಿನ ಮುಂದೆ, ಹದಿನೆಂಟು ತಿಂಗಳ ಖರ್ಚನ್ನು ಮುಂಗಡವಾಗಿ ಕೇಳುವ ಸಂಶೋಧಕ ಎಲ್ಲಿ ನಿಲ್ಲಬೇಕು? ಅವನಿಗೆ ಇರುವ ಉತ್ತರ ಒಂದೇ: ಅಕ್ಕಿ ಅಂದಂದಿಗೆ ಸಿಗುತ್ತದೆ, ಹೊಸ ತಿಳಿವು ಅಂದಂದಿಗೆ ಸಿಗುವಂಥದ್ದಲ್ಲ, ಹೀಗಾಗಿ ಅದರ ‘ಇಂದು’ ಉದ್ದವಾದದ್ದು. ಈ ಉತ್ತರ ಒಪ್ಪತಕ್ಕದ್ದೇ. ಆದರೆ ಅದನ್ನು ಒಪ್ಪಿದ ಮೇಲೆ ಲಕ್ಕಮ್ಮನ ಮಾತಿನ ಉಳಿದರ್ಧ, ಅಂದರೆ ಹೆಚ್ಚಾದದ್ದು ಮರಳಬೇಕೆಂಬುದು, ಇನ್ನಷ್ಟು ಭಾರವಾಗುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಖರ್ಚಾಗದೆ ಉಳಿದ ಅನುದಾನವನ್ನೂ ಅದರ ಮೇಲೆ ಬಂದ ಬಡ್ಡಿಯನ್ನೂ ಬೊಕ್ಕಸಕ್ಕೆ ಮರಳಿಸಬೇಕೆನ್ನುತ್ತವೆ. ಅಕ್ಷರದಲ್ಲಿ ಇದು ಲಕ್ಕಮ್ಮನ ನಿಯಮ. ನಡವಳಿಕೆಯಲ್ಲಿ, ಮಾರ್ಚ್ ತಿಂಗಳು ಹತ್ತಿರವಾದಂತೆ ಉಳಿದದ್ದನ್ನು ಹೇಗಾದರೂ ಖರ್ಚು ಮಾಡಿ ತೋರಿಸುವ ಆತುರವನ್ನು ಬಲ್ಲವರಿಗೆ ಅದರ ಗತಿ ಏನೆಂಬುದು ಗೊತ್ತು.

ಬಸವಣ್ಣನ ಕುರಿತ ಪುರಾಣಗಳಲ್ಲಿ ಬರುವ ಇನ್ನೊಂದು ಪ್ರಸಂಗ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅರಸನ ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ದೂರಿದಾಗ, ಭಂಡಾರವನ್ನು ತೆರೆದು ಎಣಿಸಲಾಯಿತು ಮತ್ತು ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ ಎಂಬುದು ಕಥೆ. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ. ಪವಾಡದ ಭಾಗವನ್ನು ಬದಿಗಿಟ್ಟರೂ ಉಳಿಯುವ ಸಂಗತಿಯೆಂದರೆ, ಬಸವಣ್ಣ ಲೆಕ್ಕ ಕೊಡಲು ನಿರಾಕರಿಸಲಿಲ್ಲ. ದಾಸೋಹ ಪವಿತ್ರವಾದದ್ದು, ಅದರ ಲೆಕ್ಕ ಕೇಳಬಾರದು ಎಂದು ಆತ ಹೇಳಿದಂತೆ ಕಥೆ ಕಟ್ಟಲ್ಪಟ್ಟಿಲ್ಲ. ರಾಜ್ಯದ ಹಣಕ್ಕೂ ಸಮುದಾಯದ ಹಣಕ್ಕೂ ನಡುವಿನ ಗೆರೆ ಭಂಡಾರಿಗೆ ಗೊತ್ತಿರಬೇಕೆಂಬ ಎಚ್ಚರ ಅದರೊಳಗಿದೆ. ವಿಚಾರ ಮಾಡಬೇಕಾದದ್ದು ಇಂದಿನ ಭಂಡಾರಿ ಏನನ್ನು ಎಣಿಸುತ್ತಾನೆ ಎಂಬುದನ್ನು. ಅನುದಾನ ಪಡೆದವರು ಸಲ್ಲಿಸುವ ಹಣ ಬಳಕೆಯ ಪ್ರಮಾಣಪತ್ರ ಬಂದ ಮೊತ್ತ, ಖರ್ಚಾದ ಮೊತ್ತ, ಉಳಿಕೆಗಳನ್ನು ಪೈಸೆಯವರೆಗೆ ಕೇಳುತ್ತದೆ. ಸಾಧನೆಯ ವಿವರಕ್ಕೆ ಅನುಬಂಧವೊಂದನ್ನು ಬಿಡುತ್ತದೆ. ಯಾವ ದಾರಿಯಲ್ಲಿ ಹೋಗಿ ಎಲ್ಲಿ ಮುಗ್ಗರಿಸಿದಿರಿ, ಹಿಂದೆ ಬರುವವರು ಯಾವುದನ್ನು ಮತ್ತೆ ಮಾಡಿ ನೋಡಬೇಕಾಗಿಲ್ಲ ಎಂಬುದನ್ನು ಪಕ್ಕದವರು ಓದಬಹುದಾದ ರೂಪದಲ್ಲಿ ಅದು ಕೇಳುವುದಿಲ್ಲ. ಹೊನ್ನಿನ ಲೆಕ್ಕ ಸರಿಯಿದ್ದು ತಿಳಿವಿನ ಭಂಡಾರ ಬರಿದಾಗಿದ್ದರೂ ಕಡತ ಮುಚ್ಚಿಹೋಗುತ್ತದೆ.

ಕನ್ನಡ ನಾಡಿನ ಜೈನಪರಂಪರೆ ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ, ಅಂದರೆ ತಿಳಿವಿನ ದಾನವನ್ನೂ, ಎಣಿಸಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ ಅದಕ್ಕೆ ದೊಡ್ಡ ಸಾಕ್ಷಿ. ಅನುದಾನ ಪಡೆದವನು ಸಮಾಜಕ್ಕೆ ಮರಳಿಸಬಹುದಾದದ್ದು ಈ ಜಾತಿಯದು, ಹಂಚಿದರೆ ಹಂಚಿದವನಲ್ಲಿ ಕಡಿಮೆಯಾಗದ್ದು.

ಬೀದರಿನಲ್ಲಿ ಈ ವಿಚಾರಕ್ಕೆ ಅತ್ಯಂತ ಜಟಿಲವಾದ ಪರೀಕ್ಷೆ ಒಡ್ಡುವುದು ಬಿದರಿ ಕಲೆ. ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ಚಿತ್ತಾರ ಕೊರೆದು, ಆ ಗೀರುಗಳೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ, ಸತು ಕಡುಗಪ್ಪಾಗಿ ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತ ಉಳಿಯುತ್ತದೆ. ಬಿಸಿಲು ಮಳೆಗಳಿಗೆ ಒಡ್ಡಿಕೊಳ್ಳದ ಹಳೆಯ ಕಟ್ಟಡಗಳೊಳಗಿನ ಮಣ್ಣೇ ಆಗಬೇಕೆಂಬುದು ಕುಶಲಕರ್ಮಿಗಳ ಅನುಭವ; ನಾಲಗೆಯ ತುದಿಗೆ ತಾಕಿಸಿ ಅದರ ಗುಣವನ್ನು ಗುರುತಿಸುವ ರೂಢಿಯೂ ಇದೆ. ಆ ಮಣ್ಣು ಅಕ್ಷಯವಲ್ಲ, ಸತು ಮತ್ತು ಬೆಳ್ಳಿಯ ಬೆಲೆಯೂ ಏರುತ್ತಲೇ ಇದೆ, ಎರಕದ ಹೊಗೆ ಇಕ್ಕಟ್ಟಾದ ಕಾರ್ಖಾನೆಗಳಲ್ಲಿ ದುಡಿಯುವವರ ಎದೆಗೆ ಒಳ್ಳೆಯದಲ್ಲ. ಹೀಗಾಗಿ ಮಣ್ಣಿನ ರಸಾಯನವನ್ನು ಅರಿತು ಬದಲಿಯೊಂದನ್ನು ಕಾಣುವುದು, ಸುರಕ್ಷಿತವಾದ ಕುಲುಮೆಯನ್ನು ರೂಪಿಸುವುದು ನಿಜಕ್ಕೂ ತಂತ್ರಜ್ಞಾನದ ಸಂಶೋಧನೆಗೆ ತಕ್ಕ ವಿಷಯಗಳು. ಆದರೆ ಅದನ್ನು ಮಾಡಬೇಕಾದವರು ಯಾರು? ಚೌಬಾರಾದ ಆಸುಪಾಸಿನ ಓಣಿಗಳಲ್ಲಿ ತಂದೆಯಿಂದ ಮಗನಿಗೆ ಬಂದ ಈ ವಿದ್ಯೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಅಂದರೆ ಅದು ಒಬ್ಬನ ಸ್ವತ್ತಲ್ಲ, ಈ ಸ್ಥಳದ ಕುಶಲಕರ್ಮಿಗಳೆಲ್ಲರ ಸಾಮೂಹಿಕ ಹಕ್ಕು ಎಂದು ಕಾನೂನು ಒಪ್ಪಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಸಂದ ಪದ್ಮಶ್ರೀ ಆ ಕೈಚಳಕಕ್ಕೆ ಸಂದ ಗೌರವ. ಈಗ ಹೊಸ ಕಂಪನಿಯೊಂದು ಅನುದಾನ ಪಡೆದು ಮಣ್ಣಿನ ಬದಲಿ ದ್ರಾವಣವನ್ನು ಕಂಡುಹಿಡಿದು ಅದಕ್ಕೆ ಪೇಟೆಂಟ್ ಮಾಡಿಸಿದರೆ, ಮಣ್ಣಿನ ಗುಣವನ್ನು ನಾಲಗೆಯಿಂದ ತಿಳಿದು ಅದಕ್ಕೆ ಮೊದಲ ಸುಳಿವು ಕೊಟ್ಟವರು ಅದೇ ದ್ರಾವಣವನ್ನು ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ. ಜನರ ಹಣ, ಸಮುದಾಯದ ತಿಳಿವು, ಖಾಸಗಿ ಹಕ್ಕು: ಮೂರೂ ಸೇರಿದ ಈ ಗಂಟನ್ನು ಅನುದಾನದ ಯಾವ ನಮೂನೆಯೂ ಬಿಚ್ಚುವುದಿಲ್ಲ. ಮಿತಾಕ್ಷರೆಯ ಭಾಷೆಯಲ್ಲಿ ಹೇಳುವುದಾದರೆ ಇದು ‘ಸಂಭೂಯ ಸಮುತ್ಥಾನ’, ಅಂದರೆ ಹಲವರು ಕೂಡಿ ಹೂಡಿದ ಉದ್ಯಮ, ಮತ್ತು ಅಂಥದ್ದರಲ್ಲಿ ಲಾಭನಷ್ಟಗಳು ಅವರವರ ಹೂಡಿಕೆಗೆ ತಕ್ಕಂತೆ ಹಂಚಿಕೆಯಾಗಬೇಕು. ತಿಳಿವನ್ನು ಹೂಡಿದವರನ್ನು ಪಾಲುದಾರರಲ್ಲವೆಂದು ಹೊರಗಿಡಲು ಅದರಲ್ಲಿ ಆಧಾರ ಸಿಗದು.

ಎಲ್ಲವನ್ನೂ ತೆರೆದಿಡಬೇಕೆಂಬ ವಾದಕ್ಕೆ ಬಲವಾದ ಪ್ರತಿವಾದ ಇದ್ದೇ ಇದೆ. ಸಣ್ಣ ಉದ್ಯಮಿಯ ಬಳಿ ಇರುವ ಏಕೈಕ ಬಂಡವಾಳ ಅವನ ಗುಟ್ಟು; ಅದನ್ನು ಬಯಲಿಗಿಟ್ಟರೆ ದೊಡ್ಡ ಕಂಪನಿ ಅದನ್ನು ಒಂದೇ ತಿಂಗಳಲ್ಲಿ ನುಂಗಿಹಾಕುತ್ತದೆ. ಅಮೆರಿಕದ ಯೋಜನೆ ಈ ಭಯವನ್ನು ಮನಗಂಡು, ಅನುದಾನದಲ್ಲಿ ಹುಟ್ಟಿದ ದತ್ತಾಂಶವನ್ನು ಕನಿಷ್ಠ ಇಪ್ಪತ್ತು ವರ್ಷ ಸರ್ಕಾರ ಹೊರಗೆ ಬಿಡದಂತೆ ಕಾಪಾಡುತ್ತದೆ. ಗೆದ್ದ ಪ್ರಯೋಗದ ಮಟ್ಟಿಗೆ ಈ ರಕ್ಷಣೆ ನ್ಯಾಯವಾದದ್ದು. ಸೋತ ಪ್ರಯೋಗವನ್ನು ಗುಟ್ಟಾಗಿಡುವುದರಿಂದ ಸಿಗುವ ಲಾಭ ಒಂದೇ, ಎದುರಾಳಿಯೂ ಅದೇ ಹಳ್ಳಕ್ಕೆ ಬೀಳಲಿ ಎಂಬುದು. ಆ ಎದುರಾಳಿ ತೆರಿಗೆ ಕಟ್ಟಿದ ಹಣವೂ ಅನುದಾನದಲ್ಲಿ ಸೇರಿದೆ ಎಂಬುದನ್ನು ನೆನೆದರೆ ಆ ಲಾಭಕ್ಕೆ ನೈತಿಕವಾದ ನೆಲೆ ಉಳಿಯುವುದಿಲ್ಲ.

ಹೀಗೆ ಹೇಳುವಾಗ ಸೋಲುವ ಹಕ್ಕು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ಮರೆಯಲಾಗದು. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಅರ್ಜಿಯ ಭಾಷೆ ಇಂಗ್ಲಿಷ್. ಹಲವು ಯೋಜನೆಗಳಿಗೆ ನೋಂದಾಯಿತ ಕಂಪನಿಯೇ ಆಗಿರಬೇಕು. ತೀರ್ಪುಗಾರರ ಮುಂದೆ ಕೆಲವೇ ನಿಮಿಷಗಳಲ್ಲಿ ತನ್ನ ಕಲ್ಪನೆಯನ್ನು ಮಾರುವ ಕಲೆ ಬೇರೆ ಬರಬೇಕು. ಬೆಂಗಳೂರಿನಲ್ಲಿ ಸೋತ ಸ್ಟಾರ್ಟ್‌ಅಪ್ ಸ್ಥಾಪಕನಿಗೆ ಆ ಸೋಲು ಮುಂದಿನ ಉದ್ಯೋಗದ ಅರ್ಜಿಯಲ್ಲಿ ಅನುಭವವಾಗಿ ಎಣಿಕೆಯಾಗುತ್ತದೆ, ಖಟಕ ಚಿಂಚೋಳಿಯಲ್ಲಿ ಸೋತವನಿಗೆ ಅದು ಊರಿನವರ ಬಾಯಲ್ಲಿ ಉಳಿಯುವ ಹೆಸರು ಮತ್ತು ಮುಂದಿನ ಹಂಗಾಮಿನಲ್ಲಿ ಅಂಗಡಿಯವನು ನಿಲ್ಲಿಸುವ ಉದ್ರಿ. ಸೋಲಿನ ಲೆಕ್ಕವನ್ನು ಅವನಿಂದ ಕೇಳುವ ಸರ್ಕಾರ, ಆ ಲೆಕ್ಕ ಕೊಟ್ಟವನು ಎರಡನೆಯ ಬಾರಿ ಅರ್ಜಿ ಹಾಕಿದಾಗ ಅದನ್ನು ಕಳಂಕವಾಗಿ ಅಲ್ಲ, ಅರ್ಹತೆಯಾಗಿ ಓದಬೇಕು. ಇಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ. ಆ ಬರಹ ಇರಬೇಕಾದದ್ದು ದೆಹಲಿಯ ಕಡತದಲ್ಲಿ ಇಂಗ್ಲಿಷಿನಲ್ಲಿ ಅಲ್ಲ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗಿರಣಿಯವನ ಎರಡು ಹಂಗಾಮುಗಳ ಸೋಲು ನಾಲ್ಕು ಪುಟ ಕನ್ನಡದಲ್ಲಿ ಅಲ್ಲಿ ಸಿಗುವಂತಾದರೆ, ಔರಾದಿನವನು ಬಸ್ಸು ಹತ್ತಿ ಹೋಗಿ ಅದನ್ನು ಓದಿಕೊಂಡು ಬರಬಹುದು.